ಓಣಿಯ ಬೋರಿಂಗ್ ನಾನು ನೋಡಿಕೊಳ್ಳುವ ರೀತಿ

ನಮ್ಮ ಓಣಿಯಲ್ಲಿರುವುದು ಇಂಡಿಯಾ ಮಾರ್ಕ್ 2 ಕೈಪಂಪು. ಮನೆಮನೆಗೆ ನಲ್ಲಿ ಬಂದ ಮೇಲೆ ಇದನ್ನು ಕೇಳುವವರೇ ಇಲ್ಲ. ಆದರೆ ಕರೆಂಟ್ ಕೈಕೊಟ್ಟ ದಿನ ಎಲ್ಲರೂ ಕೊಡ ಹಿಡಿದು ಬರುವುದು ಇಲ್ಲಿಗೇ ಅಲ್ವಾ? ಅದಕ್ಕೇ ಇದರ ಆರೈಕೆ ನಾನು ವಹಿಸಿಕೊಂಡಿದ್ದೇನೆ.

ತಿಂಗಳಿಗೊಮ್ಮೆ ಮಾಡುವ ಕೆಲಸ ಸಣ್ಣದು. ಸಡಿಲವಾದ ನಟ್‌ಗಳನ್ನು ಸ್ಪ್ಯಾನರ್‌ನಿಂದ ಬಿಗಿ ಮಾಡುತ್ತೇನೆ. ಪಂಪಿನ ತಲೆಯ ಮುಂದಿನ ಕವರ್ ಬಿಚ್ಚಿದರೆ, ಹಿಡಿಯನ್ನು ಪೈಪ್ ಒಳಗಿನ ರಾಡ್‌ಗೆ ಜೋಡಿಸುವ ಚೈನ್ ಕಾಣುತ್ತದೆ. ಹಳೇ ಗ್ರೀಸ್‌ಗೆ ಧೂಳು ಸೇರಿ ಕೊಂಡಿಗಳ ಸಂದಿಯಲ್ಲಿ ಕರ್ರಗೆ ಗಟ್ಟಿಯಾಗಿರುತ್ತದೆ. ಒಣ ಬಟ್ಟೆಯಿಂದ ಒರೆಸಿ ಹೊಸ ಗ್ರೀಸ್ ಹಚ್ಚುತ್ತೇನೆ. ಕೆಲವರು ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ. ಅದು ಬೇಡ. ಹನಿ ಒಳಗಿಳಿದರೆ ಕುಡಿಯುವ ನೀರು ವಾಸನೆ ಹೊಡೆಯುತ್ತದೆ. ಹಿಡಿಯನ್ನು ಅಕ್ಕಪಕ್ಕ ಅಲ್ಲಾಡಿಸಿಯೂ ನೋಡುತ್ತೇನೆ. ಅಲ್ಲಾಟ ಜಾಸ್ತಿ ಇದ್ದರೆ ಬೇರಿಂಗ್ ಸವೆದಿದೆ ಎಂದೇ ಲೆಕ್ಕ.

ನೀರು ಕಡಿಮೆಯಾದ ಕೂಡಲೇ ಪೈಪ್ ಎತ್ತಿಸಲು ಹೋಗಬೇಡಿ. ಮೊದಲು ನೀರು ಬರುವವರೆಗೆ ಹೊಡೆದು, ಅರ್ಧ ಗಂಟೆ ಯಾರೂ ಮುಟ್ಟದಂತೆ ಬಿಡಿ. ಮತ್ತೆ ಹೊಡೆದಾಗ ಐದು ಹೊಡೆತದೊಳಗೆ ನೀರು ಬಂದರೆ ಪೈಪ್ ಚೆನ್ನಾಗಿದೆ. ಅದಕ್ಕಿಂತ ಜಾಸ್ತಿ ಬೇಕಾದರೆ ನೀರು ಕೆಳಗೆ ಸೋರಿಹೋಗುತ್ತಿದೆ: ಒಂದೋ ಪೈಪ್ ಜಾಯಿಂಟ್, ಇಲ್ಲವೇ ತಳದ ವಾಲ್ವ್‌ನ ರಬ್ಬರ್. ನೀರು ಬೇಗ ಬಂದರೂ ಧಾರೆ ಸಣ್ಣಗಿದ್ದರೆ ಪೈಪ್‌ನ ಕೆಳತುದಿಯ ಸಿಲಿಂಡರ್ ಒಳಗೆ ನೀರನ್ನು ಮೇಲೆತ್ತುವ ಬಟ್ಟಲಿನಾಕಾರದ ಬಕೆಟ್ ವಾಷರ್ ಸವೆದಿರುತ್ತದೆ. ಹಿಡಿ ಹಗುರವಾಗಿ, ಹನಿಯೂ ಬರದಿದ್ದರೆ ರಾಡ್ ತುಂಡಾಗಿದೆಯೇ ನೋಡಬೇಕು. ಬೇಸಿಗೆಯಾದರೆ ಮೊದಲು ಬೋರಿನ ನೀರಿನ ಮಟ್ಟ ಇಳಿದಿದೆಯೇ ಅಂತಲೂ ವಿಚಾರಿಸಿ.

ವಾಷರ್ ಬದಲಿಸಬೇಕೆಂದರೆ ಮೂರು ಮೀಟರ್ ಉದ್ದದ ಪೈಪ್‌ಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಮೆಕ್ಯಾನಿಕ್, ನಾಲ್ಕೈದು ಆಳು ಬೇಕೇ ಬೇಕು. ಒಬ್ಬರೇ ಕೈ ಹಾಕಬೇಡಿ, ಪೈಪ್ ಹಿಡಿದಿಡುವ ಕ್ಲ್ಯಾಂಪ್ ಜಾರಿದರೆ ಅಷ್ಟೂ ಪೈಪ್ ಬೋರಿನ ಪಾಲು. ಎತ್ತಿದ ಪೈಪ್‌ಗಳನ್ನು ಮಣ್ಣಿನ ಮೇಲೆ ಬಿಡದೆ ಮರದ ತುಂಡುಗಳ ಮೇಲೆ ಜೋಡಿಸಿಡುತ್ತೇವೆ. ತಂತಿ ಬ್ರಷ್‌ನಿಂದ ಪೈಪ್ ತುದಿಯ ಮರೆ (ತಿರುಗಿಸಿ ಜೋಡಿಸುವ ಗೆರೆಗಳು) ತಿಕ್ಕಿ, ತುಕ್ಕು ತಿಂದಿದ್ದನ್ನು ಪಕ್ಕಕ್ಕಿಡುತ್ತೇವೆ. ಹಳೇ ತೊಗಲಿನ ವಾಷರ್ ತೆಗೆದು ನೋಡಿದರೆ ಅಂಚು ಕಾಗದದಷ್ಟು ತೆಳ್ಳಗಾಗಿರುತ್ತದೆ. ಈಗ ನೈಟ್ರೈಲ್ ರಬ್ಬರಿನವು ಸಿಗುತ್ತವೆ, ನಾನು ಅವನ್ನೇ ಹಾಕಿಸುತ್ತೇನೆ. ಹೆಚ್ಚು ಕಾಲ ಬಾಳುತ್ತವೆ.

ಪೈಪ್ ಇಳಿಸಿದ ಮೇಲೆ ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಬೋರಿಗೆ ಸುರಿದು ರಾತ್ರಿಯೆಲ್ಲ ಬಿಡುತ್ತೇವೆ. ಮಾರನೇ ದಿನ ವಾಸನೆ ಹೋಗುವವರೆಗೆ ಹೊಡೆದು ಚೆಲ್ಲುತ್ತೇವೆ. ಆಮೇಲೆ ಕಟ್ಟೆಯ ಬಿರುಕಿಗೆ ಸಿಮೆಂಟ್ ತುಂಬಿ, ಚರಂಡಿ ಬಿಡಿಸುತ್ತೇವೆ. ಪಾತ್ರೆ ತೊಳೆದ ನೀರು ಆ ಬಿರುಕಿನಲ್ಲೇ ಇಳಿದು ಬೋರು ಸೇರುವುದು.