ಎಲ್ಲದಕ್ಕೂ ‘ಹೂನ್ರಿ’ ಅಂದ ಹುಡುಗನ 36 ಅಂಕ

ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಡುವ, ಉತ್ತರ ಕರ್ನಾಟಕದ ಒಂದು ವೀಕ್ಷಣಾಲಯಕ್ಕೆ ನಾನು ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಒಂದು ದಿನ ಹುಡುಗನೊಬ್ಬನನ್ನು ಕರೆತಂದ ಪೇದೆ ಮೆಲ್ಲಗೆ ಹೇಳಿದ: “ಇಂವ ಸೈಕೋ ಅದಾನ್ರಿ ಮೇಡಂ.” ಹುಡುಗನಿಗೆ ಹದಿನಾರು ವರ್ಷ. ಆ ಮಾತು ಅವನಿಗೂ ಕೇಳಿಸಿತ್ತು.

ಮನಸ್ಸಿನಲ್ಲಿ ಮರುಕ, ಪಶ್ಚಾತ್ತಾಪ ಎಷ್ಟಿದೆ ಅಂತ ನೋಡಲು ನಾನು ಬಳಸುತ್ತಿದ್ದದ್ದು ಐಸಿಯು ಅನ್ನುವ ಪ್ರಶ್ನಾವಳಿ. ಮನಶ್ಶಾಸ್ತ್ರಜ್ಞ ಪಾಲ್ ಫ್ರಿಕ್ ಮಾಡಿದ್ದು. (ಆಸ್ಪತ್ರೆಯ ಐಸಿಯು ಅಲ್ಲ, ಪಾಲಕರು ಗಾಬರಿಯಾಗುತ್ತಾರೆ!) 24 ವಾಕ್ಯ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 72. ಅಂಕ ಹೆಚ್ಚಿದಷ್ಟೂ ಮನಸ್ಸು ಕಲ್ಲು ಅಂತ ಲೆಕ್ಕ. ಶಾಲೆ ಬಿಟ್ಟ ಹುಡುಗರೇ ಜಾಸ್ತಿ ಇದ್ದುದರಿಂದ ನಾನೇ ಓದಿ ಹೇಳುತ್ತಿದ್ದೆ.

‘ಸ್ವಲ್ಪ ನಿಜ’, ‘ಸಾಕಷ್ಟು ನಿಜ’ ಅಂದರೆ ಅವರಿಗೆ ಕಲಸುಮೇಲೋಗರ. ಹಾಗಾಗಿ ಅಡುಗೆಮನೆಯಿಂದ ನಾಲ್ಕು ಸ್ಟೀಲ್ ಲೋಟ ತಂದಿಟ್ಟೆ. ಒಂದು ಖಾಲಿ, ಒಂದರಲ್ಲಿ ತಳಮಟ್ಟ ನೀರು, ಒಂದರಲ್ಲಿ ಮುಕ್ಕಾಲು, ಒಂದು ತುಂಬಿದ್ದು. ನಿನ್ನ ಉತ್ತರ ಯಾವ ಲೋಟ, ಮುಟ್ಟಿ ತೋರಿಸು ಅಂದೆ. ಈ ಹುಡುಗ ಒಂದೇ ಸಮನೆ ತುಂಬಿದ ಲೋಟ ಮುಟ್ಟಿದ. “ಹೂನ್ರಿ. ಹೂನ್ರಿ.” ಕೊನೆಗೆ, “ಇದನ್ ಕುಡಿಲೇನ್ರಿ?” ಅಂತ ಕೇಳಿ ಕುಡಿದೂ ಬಿಟ್ಟ.

ಕೂಡಿಸಿದರೆ 36. ಜಾಸ್ತಿಯೇ ಅಲ್ವಾ ಅಂದುಕೊಂಡು ಫೈಲಿನಲ್ಲಿ ಬರೆದಿಟ್ಟೆ. ಪೇದೆಯ ಮಾತು ತಲೆಯಲ್ಲಿತ್ತು, ಸುಳ್ಳು ಯಾಕೆ ಹೇಳಲಿ.

ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ಆ 24ರಲ್ಲಿ ಹನ್ನೆರಡು ವಾಕ್ಯ ತಿರುವುಮುರುವು. ‘ತಪ್ಪು ಮಾಡಿದರೆ ಬೇಜಾರಾಗುತ್ತದೆ’ ಅನ್ನುವ ಥರದವಕ್ಕೆ ಪೂರ್ತಿ ಹೌದು ಅಂದರೆ ಸೊನ್ನೆ. ಉಳಿದ ಹನ್ನೆರಡಕ್ಕೆ ಪೂರ್ತಿ ಹೌದು ಅಂದರೆ ಮೂರು ಮೂರು. ಏನು ಕೇಳಿದರೂ ಹೂಂ ಅನ್ನುವ ಯಾರಿಗೇ ಆದರೂ ಸರಿಯಾಗಿ 36 ಬರಲೇಬೇಕು. ನಾನು ಅಳೆದದ್ದು ಅವನ ಕಲ್ಲುಮನಸ್ಸನ್ನಲ್ಲ, ಠಾಣೆಯಲ್ಲಿ ದೊಡ್ಡವರ ಮುಂದೆ ಕಲಿತ ಹೂಂಗುಟ್ಟುವಿಕೆಯನ್ನು.

ಮುಂದಿನ ವಾರ ಮತ್ತೆ ಕೂತೆವು. ಪ್ರತಿ ವಾಕ್ಯಕ್ಕೂ ‘ಯಾವಾಗ ಹಾಗಾಯ್ತು, ಹೇಳು’ ಅಂದೆ. ‘ಪಶ್ಚಾತ್ತಾಪ’ ಅಂದರೆ ಮುಖ ನೋಡುತ್ತಿದ್ದವನು, ‘ಒಳಗೆ ಚುಚ್ಚುತ್ತಾ’ ಅಂದ ತಕ್ಷಣ ತಲೆ ತಗ್ಗಿಸಿದ. ಹೀಗೆ ಪದ ಬದಲಿಸಿದ ಮೇಲೆ ಆ ಅಂಕವನ್ನು ಹೊರದೇಶದ ಹುಡುಗರ ಅಂಕದ ಜೊತೆ ಹೋಲಿಸುವಂತಿಲ್ಲ. ಗೊತ್ತಿದ್ದೇ ಮಾಡಿದೆ. ‘ಭಾವನೆ ತೋರಿಸುವುದಿಲ್ಲ’ ಅನ್ನುವುದಕ್ಕೆ ಮಾತ್ರ ಈಗಲೂ ತುಂಬಿದ ಲೋಟವೇ. “ಇಲ್ಲಿ ಅತ್ರ ರಾತ್ರಿ ಎಲ್ಲಾರೂ ಕಾಡ್ತಾರ್ರಿ” ಅಂದ. ಇದು ಸ್ವಭಾವವೋ, ಎಲ್ಲರ ಜೊತೆ ಆ ಹಾಲ್‌ನಲ್ಲಿ ರಾತ್ರಿ ಕಳೆಯುವ ಉಪಾಯವೋ?

ಪಾಲಕರಿಗೆ, ಶಿಕ್ಷಕರಿಗೆ ಇದೇ ಪ್ರಶ್ನಾವಳಿಯ ಬೇರೆ ನಮೂನೆಗಳಿವೆ. ಅಮ್ಮ ಬಂದಿರಲಿಲ್ಲ. ವೀಕ್ಷಣಾಲಯದ ರಾತ್ರಿ ಪಾಳಿಯ ಸಿಬ್ಬಂದಿ ಅಣ್ಣನನ್ನು ಸುಮ್ನೆ ಮಾತಾಡಿಸಿದೆ. ಉಬ್ಬಸದ ಚಿಕ್ಕ ಹುಡುಗನೊಬ್ಬನಿಗೆ ಉಸಿರು ಕಟ್ಟಿದಾಗ ಅಣ್ಣನನ್ನು ಎಬ್ಬಿಸುತ್ತಿದ್ದದ್ದು ಇವನೇ.

ಹದಿಹರೆಯದವರಲ್ಲಿ ಸೈಕೋಪಾತ್ ಲಕ್ಷಣಗಳನ್ನು ಅಳೆಯಲು ಫೋರ್ತ್, ಕಾಸನ್, ಹೇರ್ ಅನ್ನುವವರು 2003ರಲ್ಲಿ ತಂದ ಪಿಸಿಎಲ್-ವೈವಿ ಅನ್ನುವ ಪಟ್ಟಿ ಇದಕ್ಕಿಂತ ಗಟ್ಟಿ. 20 ಅಂಶ, 40 ಅಂಕ, ಉದ್ದದ ಸಂದರ್ಶನ. ಫೈಲು, ಸುತ್ತಲಿನವರ ಮಾತು ಎಲ್ಲವನ್ನೂ ತಾಳೆ ನೋಡಲೇಬೇಕು. ‘ಇಷ್ಟು ದಾಟಿದರೆ ಸೈಕೋಪಾತ್’ ಅನ್ನುವ ಗೆರೆಯನ್ನು ಅದನ್ನು ಮಾಡಿದವರೇ ಹಾಕಿಲ್ಲ. ನಯವಾಗಿ “ಊಟ ಆತೇನ್ರಿ” ಅಂತ ವಿಚಾರಿಸುವ ಹುಡುಗರು ಬಂದಾಗ ಫೈಲನ್ನು ಮೊದಲು ಓದಬೇಕಿತ್ತು ಅನ್ನಿಸಿದ್ದೂ ಉಂಟು.

ಘೋರ ಅಪರಾಧದ ಆರೋಪ ಇದ್ದು ವಯಸ್ಸು 16 ತುಂಬಿದ್ದರೆ, 2015ರ ಬಾಲನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ದೊಡ್ಡವರಂತೆ ವಿಚಾರಣೆ ಆಗಬೇಕೋ ಬೇಡವೋ ಅನ್ನುವುದು ಅದರ ಮೇಲೆ ನಿಂತಿರುತ್ತದೆ. ಅಂಥ ಕಡತಕ್ಕೆ ನನ್ನ ಆ 36 ಹೋಗಿದ್ದರೆ ಅಂತ ಈಗಲೂ ಮೈ ಜುಂ ಅನ್ನುತ್ತದೆ. ಫೈಲಿನ ಆ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ, ತಾರೀಖು ಹಾಕಿದೆ. ಹಳೆಯ ಅಂಕ ಈಗಲೂ ಓದಲು ಕಾಣುತ್ತದೆ, ಹಾಗೇ ಬಿಟ್ಟೆ. ವರದಿಯಲ್ಲಿ ಅಂಕ ಹಾಕಲಿಲ್ಲ. ಉಬ್ಬಸದ ಹುಡುಗನ ವಿಷಯ, ರಾತ್ರಿಯ ಕಾಟ, ವಾರಕ್ಕೊಂದು ಕೌನ್ಸೆಲಿಂಗ್, ಅಮ್ಮನನ್ನು ಕರೆಸುವುದು — ಇಷ್ಟು ಬರೆದೆ.