ಹಾಲು ಬಿಡು ಎಂದರು, ನಾನು ಕೆನೆ ಬಿಟ್ಟೆ

ಕೋಲಾರದ ನಮ್ಮ ಜಿಮ್‌ನಲ್ಲಿ ಎರಡು ವರ್ಷ ಒಂದೇ ಮಾತು ಕೇಳಿದ್ದೇನೆ: ‘ಹಾಲು ಬಿಡು, ಮೈಯಲ್ಲಿ ನೀರು ನಿಲ್ಲುತ್ತದೆ, ಬೊಜ್ಜು ಬರುತ್ತದೆ.’ ತರಬೇತುದಾರರು ಹೇಳಿದರು, ಸ್ಪರ್ಧೆಗಳಿಗೆ ಹೋಗಿ ಬಂದ ಅಣ್ಣಂದಿರೂ ಹೇಳಿದರು. ನಾನು ಬಿಡಲಿಲ್ಲ. 56 ಕೆಜಿ ಇದ್ದವನು ಹದಿನಾಲ್ಕು ತಿಂಗಳಲ್ಲಿ 66ರ ಆಸುಪಾಸಿಗೆ ಬಂದೆ. ನಡುವೆ ಏರಿಳಿದರೂ ಕೊನೆಗೆ ಸೊಂಟ ಹೆಚ್ಚಿದ್ದು ಒಂದೇ ಅಂಗುಲ. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವುದು) 50 ಕೆಜಿಯಿಂದ 105ಕ್ಕೆ ಏರಿತು, ಬೆಂಚ್ (ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು) 40ರಿಂದ 75ಕ್ಕೆ. ಪ್ರೋಟೀನ್ ಪೌಡರ್ ಡಬ್ಬವನ್ನು ನೆಚ್ಚಿಕೊಳ್ಳದೆ ಇದನ್ನು ಮಾಡಿದವರು ನಮ್ಮ ಜಿಮ್‌ನಲ್ಲಿ ನಾನು ಬಿಟ್ಟರೆ ಇನ್ನೊಬ್ಬರಿಲ್ಲ.

ಆದರೆ ಹಾಲು ಬೇಡ ಎಂದವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅದು ಗೊತ್ತಾಗಲು ನನಗೆ ಮೊದಲ ಆರು ವಾರಗಳು ಬೇಕಾದವು.

ನಮ್ಮ ಮನೆಯಲ್ಲಿ ಎರಡು ಸೀಮೆಹಸುಗಳಿವೆ. ಹಾಲು ಬೆಳಿಗ್ಗೆ, ಸಂಜೆ ಊರಿನ ಡೇರಿಗೆ ಹೋಗುತ್ತದೆ. ಬಟವಾಡೆಯ ಲೆಕ್ಕ ಅಮ್ಮನದು. ದಿನಕ್ಕೆ ಮೂರು ಲೀಟರ್ ಹಾಲು ಕುಡಿದು ದಪ್ಪಗಾದವರ ಕಥೆಯನ್ನು ಯಾರೋ ಹೇಳಿದ್ದರು. ಹಾಲು ಮನೆಯಲ್ಲೇ ಇರುವಾಗ ಇನ್ನೇನು ಬೇಕು ಎಂದು ಶುರು ಮಾಡಿದೆ. ಮೂರು ಲೀಟರಿನಲ್ಲಿ ಸುಮಾರು 95 ಗ್ರಾಂ ಪ್ರೋಟೀನ್ ಇರುವುದು ನಿಜ. ಜೊತೆಗೆ ನೂರು ಗ್ರಾಂ ಮೀರಿದ ಕೊಬ್ಬು, 140 ಗ್ರಾಂ ಹಾಲಿನ ಸಕ್ಕರೆ ಮತ್ತು ಹತ್ತಿರಹತ್ತಿರ 1,900 ಕ್ಯಾಲೊರಿ ಇದ್ದವು. ನರಸಾಪುರದ ಕಾರ್ಖಾನೆಯಲ್ಲಿ ನನ್ನದು ಪಾಳಿ ಕೆಲಸ. ಹೊಟ್ಟೆಯುಬ್ಬರದಿಂದ ನಿಂತು ಕೆಲಸ ಮಾಡಲಾಗುತ್ತಿರಲಿಲ್ಲ. ಮುದ್ದೆ, ಸಾರು ಒಳಗೆ ಇಳಿಯುತ್ತಿರಲಿಲ್ಲ. ಆರು ವಾರಗಳಲ್ಲಿ ಸೊಂಟ 29ರಿಂದ 32ಕ್ಕೆ ಹೋಯಿತು, ಸ್ಕ್ವಾಟ್ ಐದೇ ಕೆಜಿ ಏರಿತು. ಹಣದ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನವೂ ಸೇರಿ ಆಗ ಲೀಟರಿಗೆ ನಲವತ್ತರ ಹತ್ತಿರ ಬರುತ್ತಿದ್ದ ಹಾಲು ಅದು. ತಿಂಗಳಿಗೆ ಮೂರೂವರೆ ಸಾವಿರ ರೂಪಾಯಿಯನ್ನು ನಾನೊಬ್ಬನೇ ಕುಡಿಯುತ್ತಿದ್ದೆ. ‘ಹಿಂಡಿ, ಬೂಸಾಕ್ಕೆ ನಿನ್ನ ಸಂಬಳದಲ್ಲಿ ಕೊಡು, ಆಮೇಲೆ ಎಷ್ಟು ಬೇಕಾದರೂ ಕುಡಿ’ ಎಂದು ಅಮ್ಮ ಒಂದು ದಿನ ಚೆಂಬನ್ನು ಕೈಯಿಂದ ತೆಗೆದುಕೊಂಡರು. ಅಮ್ಮ ಹೇಳಿದ್ದು ಸರಿಯಾಗಿತ್ತು.

ಗರಡಿಯಲ್ಲಿ ಆಡಿದ್ದ ಹಿರಿಯರೊಬ್ಬರು ಕೆಚ್ಚಲಿನಿಂದ ಕರೆದ ನೊರೆಹಾಲನ್ನು ಕಾಯಿಸದೆ ಹಸಿ ಮೊಟ್ಟೆಯೊಂದಿಗೆ ಕುಡಿಯಲು ಹೇಳಿದರು. ನಾಲ್ಕು ದಿನ ಕುಡಿದೆ. ಹಸು ನೋಡಲು ಬಂದ ಪಶುವೈದ್ಯರು ಅದನ್ನು ಕಂಡು ಗದರಿದರು: ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಅಂಟಿದರೆ ತಿಂಗಳುಗಟ್ಟಲೆ ಮೈಕೈ ನೋವಿನಿಂದ ನರಳಬೇಕಾಗುತ್ತದೆ. ಹಸಿ ಮೊಟ್ಟೆಯ ಪ್ರೋಟೀನ್‌ನಲ್ಲಿ ದೇಹಕ್ಕೆ ದಕ್ಕುವುದು ಅರ್ಧದಷ್ಟು ಮಾತ್ರ, ಬೇಯಿಸಿದರೆ ಹೆಚ್ಚುಕಡಿಮೆ ಪೂರ್ತಿ ದಕ್ಕುತ್ತದೆ. ಅವೆರಡನ್ನೂ ಅಂದೇ ನಿಲ್ಲಿಸಿದೆ.

ನಡುವೆ ಒಂದು ಡಬ್ಬ ವೇ ಪ್ರೋಟೀನ್, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್ ಪುಡಿ, ತಂದದ್ದೂ ಉಂಟು. ಒಂದು ಕೆಜಿಗೆ ಮೂರು ಸಾವಿರದ ಮೇಲೆ ಕೊಟ್ಟೆ, ತಿಂಗಳಿಗೆ ಖಾಲಿಯಾಯಿತು. 24 ಗ್ರಾಂ ಪ್ರೋಟೀನ್‌ಗೆ ನೂರು ರೂಪಾಯಿ ಬಿತ್ತು. ಅದು ಬಂದದ್ದು ಹಾಲಿನಿಂದಲೇ ಅಲ್ಲವೇ? ಹಾಲಿನ ಪ್ರೋಟೀನ್‌ನಲ್ಲಿ ಐದರಲ್ಲೊಂದು ಪಾಲು ವೇ, ಉಳಿದ ನಾಲ್ಕು ಪಾಲು ಕೇಸೀನ್. ಬೇಗ ಕರಗುವ ವೇ, ನಿಧಾನವಾಗಿ ಕರಗುವ ಕೇಸೀನ್ ಎರಡೂ ಒಂದೇ ಲೋಟದಲ್ಲಿರುವಾಗ ಒಂದು ಪಾಲಿಗೆ ಮಾತ್ರ ಅಷ್ಟು ಹಣ ಸುರಿಯುವುದು ನನಗೆ ಒಪ್ಪಲಿಲ್ಲ.

ಆ ಹಟದಲ್ಲಿ ಮನೆಯಲ್ಲೇ ವೇ ತೆಗೆಯಲು ಹೊರಟೆ. ಎರಡು ಲೀಟರ್ ಹಾಲು ಕುದಿಸಿ, ನಿಂಬೆರಸ ಹಿಂಡಿ ಒಡೆಸಿದೆ. ಮುನ್ನೂರೈವತ್ತು ಗ್ರಾಂ ಪನೀರ್ ಬಂತು. ಉಳಿದ ನೀರಿನಲ್ಲಿ ಮುದ್ದೆ ಮಾಡಿಸಿದೆ, ಮಿಕ್ಕಿದ್ದನ್ನು ಕುಡಿದೆ. ಹತ್ತು ದಿನ ಹೀಗೆ ಮಾಡಿದ ಮೇಲೆ ತಿಳಿಯಿತು, ಹಾಲನ್ನು ಕುದಿಸಿದಾಗ ವೇ ಪ್ರೋಟೀನ್ ಕೇಸೀನ್‌ಗೆ ಅಂಟಿಕೊಂಡು ಹೆಚ್ಚಿನದು ಪನೀರ್ ಜೊತೆಯಲ್ಲೇ ಹೋಗಿಬಿಡುತ್ತದೆ. ಆ ನೀರಿನಲ್ಲಿ ಉಳಿಯುವುದು ಮುಖ್ಯವಾಗಿ ಹಾಲಿನ ಸಕ್ಕರೆ ಮತ್ತು ಲವಣ. ನನ್ನ ಹೊಟ್ಟೆ ಮತ್ತೆ ಕೆಟ್ಟದ್ದು ಅದರಿಂದಲೇ. ಪೌಡರಿನ ವೇ ಬರುವುದು ಚೀಸ್ ಮಾಡುವ ಕಡೆಯಿಂದ. ಅಲ್ಲಿ ಹಾಲನ್ನು ಹೀಗೆ ಕುದಿಸುವುದಿಲ್ಲ. ಪನೀರ್ ಮಾತ್ರ ಚೆನ್ನಾಗಿತ್ತು.

ಕೊನೆಗೆ ಕೈಹಿಡಿದ ಕ್ರಮ ಇದು. ನಮ್ಮ ಹಾಲು ಹೋಮೊಜನೈಸ್ ಮಾಡಿದ (ಕೊಬ್ಬಿನ ಕಣಗಳನ್ನು ಒಡೆದು ಹಾಲಿನಲ್ಲೇ ಬೆರೆಸಿದ) ಪ್ಯಾಕೆಟ್ ಹಾಲಿನಂತಲ್ಲ, ನಿಂತರೆ ಕೆನೆ ಮೇಲೆ ಬರುತ್ತದೆ. ನನ್ನ ಪಾಲಿನ ಒಂದೂಕಾಲು ಲೀಟರನ್ನು ಸಂಜೆ ಕಾಯಿಸಿ, ಅಗಲ ಬಾಯಿಯ ಪಾತ್ರೆಯಲ್ಲಿ ಆರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಕೆನೆ ಚಾಪೆಯಂತೆ ಎದ್ದು ಬರುತ್ತದೆ. ಕೊಬ್ಬು ಅರ್ಧಕ್ಕೆ ಇಳಿಯುತ್ತದೆ, ಪ್ರೋಟೀನ್ ಬಹುಪಾಲು ಹಾಲಿನಲ್ಲೇ ಉಳಿಯುತ್ತದೆ. ಕೆನೆಯೆಲ್ಲ ಅಮ್ಮನಿಗೆ. ಅವರು ಅದನ್ನು ಕೂಡಿಟ್ಟು, ಹೆಪ್ಪು ಹಾಕಿ, ಕಡೆದು ತಿಂಗಳಿಗೆ ಮುಕ್ಕಾಲು ಕೆಜಿಗೆ ಸ್ವಲ್ಪ ಕಡಿಮೆ ತುಪ್ಪ ಮಾಡುತ್ತಾರೆ. ಅದರಿಂದ ನಾನೂರೈವತ್ತು ರೂಪಾಯಿಯಷ್ಟು ಮನೆಗೆ ವಾಪಸ್ಸಾಗುತ್ತದೆ. ಹಾಲಿನ ಜಗಳ ಮುಗಿದದ್ದು ಈ ತುಪ್ಪದಿಂದ. ತುಪ್ಪದ ಹಣ ಕಳೆದರೆ ದಿನಕ್ಕೆ 40 ಗ್ರಾಂ ಪ್ರೋಟೀನ್ ನನಗೆ ಆಗಿನ ದರದಲ್ಲಿ ಸುಮಾರು ಮೂವತ್ತೈದು ರೂಪಾಯಿಗೆ ಸಿಕ್ಕಿತು.

ಒಂದು ಎಚ್ಚರಿಕೆ: ಕೆನೆ ತೆಗೆದ ಹಾಲಿನ ಪಾತ್ರೆ ಬೇರೆಯೇ ಇರಲಿ. ಒಮ್ಮೆ ನನ್ನ ತಮ್ಮ ಅದನ್ನು ಡೇರಿಯ ಕ್ಯಾನಿಗೆ ಸುರಿದುಬಿಟ್ಟ. ಡೇರಿಯ ಪರೀಕ್ಷೆಯಲ್ಲಿ ಕೊಬ್ಬು ಕಡಿಮೆ ಬಂದು ಹಾಲು ಹಿಂದಕ್ಕೆ ಬಂತು. ಇಪ್ಪತ್ತು ವರ್ಷ ಒಂದು ಮಾತು ಕೇಳದೆ ಹಾಲು ಹಾಕಿದ ಅಮ್ಮ ಅಂದು ಊಟ ಮಾಡಲಿಲ್ಲ. ನನಗೆ ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಒಂದೂಕಾಲು ಲೀಟರನ್ನು ಒಟ್ಟಿಗೆ ಕುಡಿಯುವುದಿಲ್ಲ. ಜಿಮ್ ಮುಗಿದ ಮೇಲೆ ನಾನೂರು ಮಿಲಿ, ಬಾಳೆಹಣ್ಣಿನ ಜೊತೆ. ಅರ್ಧ ಲೀಟರ್ ಮೊಸರಾಗಿ ಕಾರ್ಖಾನೆಯ ಊಟದ ಡಬ್ಬಿಗೆ ಹೋಗುತ್ತದೆ. ಉಳಿದದ್ದು ಮಲಗುವ ಮೊದಲು. ಮೊಸರಾಗುವಾಗ ಸಕ್ಕರೆಯ ಒಂದು ಪಾಲನ್ನು ಹೆಪ್ಪೇ ತಿಂದುಬಿಡುವುದರಿಂದ ಹೊಟ್ಟೆಗೆ ಹಗುರ. ಹಾಲು ಆಗುವುದಿಲ್ಲ ಎನ್ನುವ ಗೆಳೆಯರಿಗೆ ನಾನು ಮೊಸರಿನಿಂದಲೇ ಶುರು ಮಾಡಿಸಿದೆ. ಆಮೇಲೆ ಊಟದ ಜೊತೆ ನೂರೈವತ್ತು ಮಿಲಿ ಹಾಲು, ವಾರಕ್ಕೆ ಐವತ್ತು ಹೆಚ್ಚು. ನಾಲ್ವರಲ್ಲಿ ಮೂವರಿಗೆ ಒಗ್ಗಿತು. ಒಬ್ಬನಿಗೆ ಒಗ್ಗಲಿಲ್ಲ, ಅವನು ಮೊಸರಿನಲ್ಲೇ ಇದ್ದಾನೆ. ಕೆನೆ ತೆಗೆದ ಹಾಲಿನಲ್ಲಿ ಮೊಸರು ನೀರಾಗದೆ ಗಟ್ಟಿಯಾಗಲು ಒಂದು ಕೈಚಳಕವಿದೆ, ರಾತ್ರಿಯ ಹಾಲಿಗೆ ನಾನು ಬೆರೆಸುವ ಒಂದು ಹುರಿದ ಹಿಟ್ಟೂ ಇದೆ. ಅವೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಾಟಿ ಹಸುವಿನ ಹಾಲೇ ಬೇಕು ಎಂಬ ವಾದವನ್ನೂ ಪರೀಕ್ಷಿಸಿದೆ. ಲೀಟರಿಗೆ ನೂರರಂತೆ ಒಂದು ತಿಂಗಳು ಕೊಂಡೆ. ರುಚಿ ಬೇರೆ, ಭಾರ ಎತ್ತುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ನನಗೆ ಹೆಚ್ಚು ಕಲಿಸಿದ್ದು ಹಸುಗಳೇ. ಕಳೆದ ಚಳಿಗಾಲದಲ್ಲಿ ಎರಡೂ ಒಟ್ಟಿಗೆ ತುಂಬು ಗಬ್ಬವಾಗಿ, ಎರಡು ತಿಂಗಳು ಹಾಲು ಬತ್ತಿಸಬೇಕಾಯಿತು. ಹಾಲಿಲ್ಲದೆಯೂ ನೋಡೋಣ ಎಂದು ಮೊಳಕೆ ಬರಿಸಿದ ಹುರುಳಿ, ಹಿತಕಿದ ಅವರೆಬೇಳೆ ಸಾರು, ದಿನಕ್ಕೆ ಆರು ಮೊಟ್ಟೆಗಳ ಮೇಲೆ ನಿಂತೆ. ಒಣ ಹುರುಳಿಯಲ್ಲಿ ನೂರು ಗ್ರಾಂಗೆ 22 ಗ್ರಾಂ ಪ್ರೋಟೀನ್ ಇದೆ, ಆದರೆ ಎರಡನೇ ಪಾಳಿಯಿಂದ ಬಂದು ಅಷ್ಟು ಕಾಳು ಅಗಿದು ತಿನ್ನಲು ಆಗುವುದಿಲ್ಲ. ಶಕ್ತಿ ಕುಗ್ಗಲಿಲ್ಲ, ತೂಕ ಒಂದು ಕೆಜಿ ಇಳಿಯಿತು, ಖರ್ಚು ಹೆಚ್ಚಾಯಿತು. ಹಾಗಾಗಿ ಹಾಲಿಲ್ಲದೆ ಸ್ನಾಯು ಬೆಳೆಯುವುದಿಲ್ಲ ಎಂದು ನಾನು ಹೇಳುವುದಿಲ್ಲ. ಕೋಲಾರದಲ್ಲಿ ಹಸು ಕಟ್ಟಿರುವ ಮನೆಯ ಹುಡುಗನಿಗೆ ಇದಕ್ಕಿಂತ ಅಗ್ಗವಾದ, ಕೈಗೆಟುಕುವ ದಾರಿ ಇನ್ನೊಂದಿಲ್ಲ ಎಂದು ಮಾತ್ರ ಹೇಳುತ್ತೇನೆ. ಹೋಮೊಜನೈಸ್ ಮಾಡಿದ ಪ್ಯಾಕೆಟ್ ಹಾಲು ಕೊಳ್ಳುವವರು ಕೆನೆಗಾಗಿ ಕಾಯಬೇಡಿ, ಅದರಲ್ಲಿ ಕೆನೆ ಏಳುವುದಿಲ್ಲ. ಒಂದೂವರೆ ಶೇಕಡಾ ಕೊಬ್ಬಿನ ಡಬಲ್ ಟೋನ್ಡ್ ಹಾಲನ್ನೇ ಕೇಳಿ.

ಜನವರಿ ಕೊನೆಯಲ್ಲಿ ದೊಡ್ಡ ಹಸು ಕರು ಹಾಕಿತು. ಕರುವಿಗೆ ಸಾಕಷ್ಟು ಕುಡಿಸಿ ಮಿಕ್ಕ ಗಿಣ್ಣನ್ನು ಅಮ್ಮ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿಕೊಟ್ಟರು. ಒಂದು ಡಬ್ಬಿ ಜಿಮ್‌ಗೆ ಒಯ್ದೆ. ಹಾಲು ಬಿಡು ಎಂದಿದ್ದ ತರಬೇತುದಾರರು ಎರಡು ತುಂಡು ತಿಂದು, ನಮ್ಮ ಮನೆಯ ತುಪ್ಪ ಸಿಗುತ್ತದೆಯೇ ಎಂದು ಕೇಳಿದರು. ಮಾರ್ಚ್‌ನಿಂದ ತಿಂಗಳಿಗೆ ಅರ್ಧ ಕೆಜಿ ಅವರ ಮನೆಗೇ ಹೋಗುತ್ತಿದೆ.