ಊರಿನ ಮನೆಗೆ ವೈಫೈ ಕ್ಯಾಮೆರಾ ಹಾಕಿಸುವವರಿಗೆ

ದೂರದೂರಿನಲ್ಲೋ ವಿದೇಶದಲ್ಲೋ ನೆಲೆಸಿರುವ ಮಕ್ಕಳು ಊರಿನಲ್ಲಿರುವ ತಂದೆತಾಯಿಯ ಕ್ಷೇಮಕ್ಕೆಂದು ಮನೆಯೊಳಗೆ ವೈಫೈ ಕ್ಯಾಮೆರಾ ಹಾಕಿಸುವುದು ಈಗ ಸಾಮಾನ್ಯವಾಗಿದೆ. ಕೊಳ್ಳುವ ಮೊದಲು ಆ ಮನೆಯಲ್ಲಿ ದಿನವಿಡೀ ಇರುವವರನ್ನು, ಮನೆಕೆಲಸಕ್ಕೆ ಬರುವವರನ್ನೂ ಸೇರಿಸಿ, ಕೇಳಿ ಒಪ್ಪಿಗೆ ಪಡೆಯಿರಿ. ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮಕ್ಕಳ ಕಾಳಜಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ವಯಸ್ಸಾದವರ ಮಾನಮರ್ಯಾದೆಗೆ ಮನೆಯೊಳಗೂ ಅದೇ ಗೌರವ ಸಲ್ಲಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಮೆರಾ ಇಡುವ ಜಾಗ. ಹಳೆಯ ಮನೆಗಳಲ್ಲಿ ಬಚ್ಚಲಿಂದ ಕೋಣೆಗೆ ಹೋಗಲು ನಡುಮನೆಯನ್ನು ದಾಟಲೇಬೇಕಾಗುತ್ತದೆ. ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಬರುವ ತಾಯಿಗೆ ಗೋಡೆಯ ಮೇಲಿನ ಕಣ್ಣು ಎಷ್ಟು ಮುಜುಗರ ತರುತ್ತದೆಂಬುದನ್ನು ಮೊಬೈಲಿನಲ್ಲಿ ನೋಡುವವರು ಊಹಿಸುವುದೇ ಇಲ್ಲ. ಆದ್ದರಿಂದ ಮೊಳೆ ಹೊಡೆಯುವ ಮುನ್ನ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಆ್ಯಪಿನಲ್ಲಿ ಲೈವ್ ದೃಶ್ಯ ತೆರೆದು, ಇನ್ನೊಬ್ಬರನ್ನು ಬಚ್ಚಲಿಂದ ಕೋಣೆಯವರೆಗೆ ನಡೆಯಲು ಹೇಳಿ, ಅವರು ಎಲ್ಲಿಯೂ ಕಾಣಿಸದಂತೆ ಮುಂಬಾಗಿಲು, ಜಗುಲಿಗಳಷ್ಟೇ ಸೆರೆಯಾಗುವ ಕೋನವನ್ನು ಗುರುತಿಸಿಕೊಳ್ಳಿ. ಸುತ್ತ ತಿರುಗುವ ಕ್ಯಾಮೆರಾವನ್ನು ಮನೆಯೊಳಗೆ ಇಡದಿರುವುದೇ ಒಳ್ಳೆಯದು, ಏಕೆಂದರೆ ಅದರ ದಿಕ್ಕನ್ನು ದೂರದಿಂದಲೇ ಬದಲಿಸಬಹುದು. ಮಾತು ಕೇಳಿಸಿಕೊಳ್ಳುವ ಅಗತ್ಯವಿಲ್ಲದಿದ್ದರೆ ಆ್ಯಪಿನಲ್ಲಿ ಮೈಕ್ ಆಫ್ ಮಾಡಿ.

ಪೆಟ್ಟಿಗೆಯ ಮೇಲೆ ಅಚ್ಚಾಗಿ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಅಸಂಖ್ಯ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯಲ್ಲಿಟ್ಟ ಪಾಸ್‌ವರ್ಡುಗಳನ್ನು ಪ್ರಯೋಗಿಸಿಯೇ. ಖಾತೆಗೆ ಒಟಿಪಿಯಂಥ ಎರಡನೆಯ ಹಂತದ ದೃಢೀಕರಣವನ್ನು ಸೇರಿಸಿ, ರೌಟರಿನಲ್ಲಿ ಅತಿಥಿ ನೆಟ್‌ವರ್ಕ್ (ಅತಿಥಿಗಳಿಗೆಂದು ಇರುವ ಪ್ರತ್ಯೇಕ ವೈಫೈ) ಇದ್ದರೆ ಕ್ಯಾಮೆರಾವನ್ನು ಅದಕ್ಕೇ ಜೋಡಿಸಿ, ಅಪ್‌ಡೇಟ್ ಬಂದಾಗ ಮುಂದೂಡಬೇಡಿ.

ದೃಶ್ಯಗಳನ್ನು ಕಂಪನಿಯ ಕ್ಲೌಡಿನಲ್ಲಿ, ಅಂದರೆ ಅಂತರ್ಜಾಲದ ಮೂಲಕ ಅವರ ಕಂಪ್ಯೂಟರುಗಳಲ್ಲಿ, ಇಡುವುದಕ್ಕಿಂತ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಇಡುವುದು ಮೇಲೆಂದು ನನ್ನ ಅಭಿಪ್ರಾಯ. ಕ್ಯಾಮೆರಾ ಕಳುವಾದರೆ ಕಾರ್ಡೂ ಹೋಗುತ್ತದೆಂಬುದು ನಿಜವಾದರೂ, ಅಪರಿಚಿತ ಸಿಬ್ಬಂದಿಗೆ ಮನೆಯ ದೃಶ್ಯ ಸಿಗುವ ದಾರಿ ಕಡಿಮೆಯಾಗುತ್ತದೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಮನೆ ಕ್ಯಾಮೆರಾಗಳನ್ನು ಮಾರುವ ರಿಂಗ್ ಕಂಪನಿಯ ಮೇಲೆ ಹೊರಿಸಿದ ಆರೋಪವೂ ಇದೇ: ನೌಕರರಿಗೆ ಗ್ರಾಹಕರ ಖಾಸಗಿ ವಿಡಿಯೊಗಳನ್ನು ನೋಡಲು ಅವಕಾಶವಿತ್ತು.

ಆ್ಯಪಿನಲ್ಲಿ ಯಾರ್‍ಯಾರಿಗೆ ನೋಡುವ ಅನುಮತಿಯಿದೆ ಎಂಬ ಪಟ್ಟಿಯನ್ನು ಆಗಾಗ ತೆರೆದು, ಅಳವಡಿಸಿಕೊಟ್ಟ ಮೆಕ್ಯಾನಿಕ್‌ನ ಫೋನ್ ಇನ್ನೂ ಅದರಲ್ಲಿದ್ದರೆ ತೆಗೆದುಹಾಕಿ. ಕ್ಯಾಮೆರಾವನ್ನು ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ ಕಾರ್ಡನ್ನು ಹೊರತೆಗೆದು, ಖಾತೆಯಿಂದ ಕ್ಯಾಮೆರಾವನ್ನು ಅಳಿಸಿ, ಫ್ಯಾಕ್ಟರಿ ರೀಸೆಟ್ ಮಾಡಿದ ನಂತರವೇ ಕೊಡಿ.